ಎಳೆಯುವುದು, ತಳ್ಳುವುದು, ಊದುವುದು

ಮೊನ್ನೆ ಮನೆಗೆ ಫೈಬರ್ ಕನೆಕ್ಷನ್ ಹಾಕಲು ಇಬ್ಬರು ಹುಡುಗರು ಬಂದಿದ್ದರು. ಗೋಡೆಯೊಳಗಿನ ಪೈಪಿನಲ್ಲಿ ಕೇಬಲ್ ಎಲ್ಲೋ ಸಿಕ್ಕಿಹಾಕಿಕೊಂಡಿತು. ಒಬ್ಬ ಈ ತುದಿಯಿಂದ ಎಳೆಯುತ್ತಿದ್ದ. ಇನ್ನೊಬ್ಬ ಆ ತುದಿಯಿಂದ "ಎಳೀಬೇಡ ಮಾರಾಯಾ, ನಾನು ತಳ್ತೀನಿ, ನೀನು ಸುಮ್ನೆ ಹಿಡ್ಕೋ" ಅಂತ ಕೂಗಿದ. ಎರಡೇ ನಿಮಿಷಕ್ಕೆ ಕೇಬಲ್ ಬಂತು. ನಾನು ಚಹಾ ಲೋಟ ಹಿಡಿದುಕೊಂಡು ಅಲ್ಲೇ ನಿಂತಿದ್ದೆ. ಹುಡುಗ ಹೇಳಿದ ಮಾತು ನನ್ನನ್ನು 2003ಕ್ಕೆ ಎಳೆದುಕೊಂಡು ಹೋಯಿತು. ಇಷ್ಟು ವರ್ಷ ಯಾರ ಹತ್ತಿರವೂ ಹೇಳದ ಒಂದು ಸಂಗತಿ ಇದೆ. ಅದನ್ನು ಹೇಳಬೇಕಾದರೆ ಮೊದಲು ಒಂದಿಷ್ಟು ಕೇಬಲ್ ವಿಷಯ ಹೇಳಬೇಕು. ಸ್ವಲ್ಪ ತಾಳ್ಮೆಯಿಂದ ಓದಿ.

ಆಗ ನಾನು ಇಂಜಿನಿಯರಿಂಗ್ ಮುಗಿಸಿ ಎಂಟು ತಿಂಗಳಾಗಿತ್ತು. ಓಎಫ್‌ಸಿ ಕೇಬಲ್ ಹಾಕುವ ಒಬ್ಬ ಕಾಂಟ್ರ್ಯಾಕ್ಟರ್ ಹತ್ತಿರ ಸೈಟ್ ಇಂಜಿನಿಯರ್ ಕೆಲಸ. ಹಾಸನದ ಕಡೆಯ ಒಂದು ತಾಲ್ಲೂಕು ಊರಿನವರೆಗೆ ಹೆದ್ದಾರಿ ಪಕ್ಕದಲ್ಲಿ ಪೈಪು ಹೂತಿದ್ದೆವು. ಆ ಪೈಪನ್ನು ನೀವೂ ನೋಡಿರ್ತೀರಿ. ರಸ್ತೆ ಬದಿಯಲ್ಲಿ ದೊಡ್ಡ ದೊಡ್ಡ ಸುರುಳಿಯಾಗಿ ಬಿದ್ದಿರುತ್ತದಲ್ಲ, ಅದೇ. ಹೊರಗಿನ ಅಳತೆ 40 ಮಿಲಿಮೀಟರ್, ಒಳಗಿನದು 33. ಒಳಗೋಡೆಗೆ ಸಿಲಿಕಾನಿನ ಒಂದು ಜಾರುಪದರ ಇರುತ್ತದೆ. ಮೊದಲು ಪೈಪು ಹೂಳುವುದು, ಆಮೇಲೆ ಅದರೊಳಕ್ಕೆ ಕೇಬಲ್ ಕಳಿಸುವುದು. ಹೆದ್ದಾರಿಯುದ್ದಕ್ಕೂ ಮಿಷನ್ನು ಮತ್ತು ಕಂಪ್ರೆಸರ್ ಇಟ್ಟು ಗಾಳಿಯಲ್ಲಿ ಊದಿಯೇ ಕೇಬಲ್ ಕಳಿಸಿದ್ದೆವು. ಊರೊಳಗಿನ ಕೊನೆಯ ತುಂಡು ಮುಕ್ಕಾಲು ಕಿಲೋಮೀಟರ್ ಬಾಕಿ ಇತ್ತು. ಅಷ್ಟರಲ್ಲಿ ಬಾಡಿಗೆ ಮಿಷನ್ನು ಬೇರೆ ಸೈಟಿಗೆ ಹೋಗಿಬಿಟ್ಟಿತು. "ಮುಕ್ಕಾಲು ಕಿಲೋಮೀಟರ್ ತಾನೇ, ಕೈಯಲ್ಲೇ ಎಳೆಸು" ಅಂತ ಫೋನಿನಲ್ಲಿ ಆರ್ಡರ್ ಬಂತು.

ಆ ತುಂಡಿನ ಮೊದಲ 600 ಮೀಟರ್ ಹೆದ್ದಾರಿಯ ಮೇಲೆ ಹೆಚ್ಚುಕಮ್ಮಿ ನೇರ. ಆಮೇಲೆ ಊರು. ಪೇಟೆ ಬೀದಿಗೊಂದು ತಿರುವು, ದೇವಸ್ಥಾನದ ಮೂಲೆಗೊಂದು, ಚರಂಡಿ ಕೆಳಗೆ ಇಳಿದು ಹತ್ತುವುದು, ಕೊನೆಗೆ ಎಕ್ಸ್‌ಚೇಂಜಿನ ಕಾಂಪೌಂಡ್ ಸುತ್ತಿ ಒಳಗೆ. ಎಲ್ಲ ಕೂಡಿದರೆ ಸುಮಾರು ಎಂಟು ಮೂಲೆಗಳಷ್ಟು ಬಾಗು. ಕೇಬಲಿನ ಡ್ರಮ್ಮು ಹೆದ್ದಾರಿ ಕಡೆ ಲಾರಿಯಿಂದ ಇಳಿದಿತ್ತು. ಹಾಗಾಗಿ ಎಕ್ಸ್‌ಚೇಂಜ್ ಕಡೆಯಿಂದ ಎಳೆಯುವುದು ಅಂತ ನಾನು ತೀರ್ಮಾನ ಮಾಡಿದೆ.

ಗ್ಯಾಂಗಿನ ಮೇಸ್ತ್ರಿಗೆ ಆಗ ನಲವತ್ತೈದರ ಮೇಲೆ ವಯಸ್ಸು. ಓದು ಬರಹ ಅಷ್ಟಕ್ಕಷ್ಟೆ. ಪೈಪು ಹೋದ ದಾರಿಯನ್ನೆಲ್ಲ ಒಮ್ಮೆ ನಡೆದು ನೋಡಿಕೊಂಡು ಬಂದು ಹೇಳಿದರು.

"ಸಾ, ಡ್ರಮ್ಮು ಊರೊಳಿಕ್ಕೆ ತಗಂಡೋಗಣ. ಎಕ್ಸ್‌ಚೇಂಜ್ ತಾವಿಂದ ಕೇಬಲ್ ಬುಟ್ಟು ಹೈವೇ ಕಡೀಕೆ ಎಳ್ಯಣ. ಮೂಲೆಗಳ್ನೆಲ್ಲ ಮೊದ್ಲೇ ದಾಟ್ಸ್‌ಬುಟ್ರೆ ಆಮ್ಯಾಕೆ ಸಲೀಸು. ಈ ಕಡಿಂದ ಆದ್ರೆ ಆಗಾಕಿಲ್ಲ."

ಯಾವ ಕಡೆಯಿಂದ ಎಳೆದರೂ ಪೈಪು ಅದೇ, ಮೂಲೆ ಅಷ್ಟೇ, ಉದ್ದ ಅಷ್ಟೇ ಅಲ್ಲವೇ? ಇದು ನನ್ನ ತರ್ಕ. ಜೊತೆಗೆ ಪೇಟೆ ಬೀದಿಗೆ ಲಾರಿ ಬಿಡುವುದು ರಾತ್ರಿ ಒಂಬತ್ತರ ಮೇಲೆ. ಕಾದರೆ ಒಂದು ದಿನ ಹೋಗುತ್ತದೆ. "ನೀವು ಸುಮ್ನಿರಿ ಮೇಸ್ತ್ರಿ, ಎರಡೂ ಒಂದೇ" ಅಂದೆ. ಅವರು ಮತ್ತೆ ಮಾತಾಡಲಿಲ್ಲ.

ಎಂಟು ಜನ ಹಗ್ಗ ಹಿಡಿದರು. ಕೇಬಲಿನ ತುದಿ ಪೇಟೆ ಬೀದಿಯವರೆಗೆ ಚೆನ್ನಾಗಿಯೇ ಬಂತು. ಮೂರನೇ ಮೂಲೆಯ ಹೊತ್ತಿಗೆ ಬಿಗಿಯಾಯಿತು. ಐದನೆಯದಕ್ಕೆ ನಿಂತಿತು. ಎಂಟು ಜನ ಕಾಲು ಕೊಟ್ಟು ಎಳೆದರೂ ಜಪ್ಪಯ್ಯ ಅನ್ನಲಿಲ್ಲ. ಅಲ್ಲೇ ಒಂದು ಟ್ರ್ಯಾಕ್ಟರ್ ನಿಂತಿತ್ತು. ಹಗ್ಗವನ್ನು ಅದಕ್ಕೆ ಕಟ್ಟಲು ಹೇಳಿದವನು ನಾನು. ಕೇಬಲ್ ಬಂತು, ಜಗ್ಗಿ ಜಗ್ಗಿ ಬಂತು. ಮರುದಿನ ಓಟಿಡಿಆರ್ ಹಾಕಿ ನೋಡಿದರೆ 24 ಎಳೆಗಳಲ್ಲಿ ಐದು ಕಡಿದಿದ್ದವು. ಇನ್ನು ಕೆಲವುಗಳಲ್ಲಿ ಬೆಳಕು ಬೇಕಾದ್ದಕ್ಕಿಂತ ಹೆಚ್ಚು ಸೋರಿಹೋಗುತ್ತಿತ್ತು.

ರಿಪೋರ್ಟ್ ಬರೆಯಬೇಕಿತ್ತು. ಬರೆದೆ. "ಕೇಬಲ್ ಎಳೆಯುವಾಗ ಕೆಲಸಗಾರರ ಅಜಾಗರೂಕತೆಯಿಂದ" ಅಂತ. ಟ್ರ್ಯಾಕ್ಟರಿನ ವಿಷಯ ಬರೆಯಲಿಲ್ಲ. ಮೇಸ್ತ್ರಿಯ ಬಿಲ್ಲಿನಿಂದ 14,000 ರೂಪಾಯಿ ಮುರಿದುಕೊಂಡರು. ಆ ಗ್ಯಾಂಗಿಗೆ ಅದು ಹತ್ತಿರ ಹತ್ತಿರ ತಿಂಗಳ ಕೂಲಿ. ಮೇಸ್ತ್ರಿ ನನ್ನ ಹತ್ತಿರ ಬಂದು ಕೇಳಲೂ ಇಲ್ಲ, ಜಗಳಕ್ಕೂ ಬರಲಿಲ್ಲ. ಮುಂದಿನ ತಿಂಗಳು ಬೇರೆ ಕಾಂಟ್ರ್ಯಾಕ್ಟರ್ ಹತ್ತಿರ ಹೋದರು. ನಾನೂ ಮುಂದಿನ ವರ್ಷ ಎಲ್ಲರ ಹಾಗೆ ಬೆಂಗಳೂರಿಗೆ ಬಂದು ಸಾಫ್ಟ್‌ವೇರ್ ಸೇರಿಕೊಂಡೆ. ಕಥೆ ಮುಗಿಯಿತು ಅಂದುಕೊಂಡಿದ್ದೆ.

ಮೊನ್ನೆ ಆ ಹುಡುಗರು ಹೋದ ಮೇಲೆ ಕೂತು ಓದತೊಡಗಿದೆ. ಗಾಳಿ ಊದಿದರೆ ಕೇಬಲ್ ಯಾಕೆ ಹೋಗುತ್ತದೆ? ನಾನು ದಿನಾ ನೋಡುತ್ತಿದ್ದ ಮಿಷನ್ನು ಅದು. ಒಂದು ದಿನವೂ ಈ ಪ್ರಶ್ನೆ ಕೇಳಿಕೊಂಡಿರಲಿಲ್ಲ.

ಫೈಬರ್ ಅಂದ ಕೂಡಲೇ ಎಲ್ಲರಿಗೂ ಗೊತ್ತಿರುವ ಹೆಸರು ಚಾರ್ಲ್ಸ್ ಕಾವೊ. ಗಾಜು ಸಾಕಷ್ಟು ಶುದ್ಧವಾಗಿದ್ದರೆ ಬೆಳಕು ಅದರೊಳಗೆ ಕಿಲೋಮೀಟರುಗಟ್ಟಲೆ ಹೋಗಬಲ್ಲದು ಅಂತ 1966ರಲ್ಲಿ ಹೇಳಿದವರು. 1970ರಲ್ಲಿ ಅಮೆರಿಕದ ಕಾರ್ನಿಂಗ್ ಕಂಪನಿಯ ಮಾರರ್, ಕೆಕ್ ಮತ್ತು ಶುಲ್ಟ್ಸ್ ಅಂಥ ಗಾಜಿನ ಎಳೆ ಮಾಡಿ ತೋರಿಸಿದರು. ಕಾವೊಗೆ 2009ರಲ್ಲಿ ನೊಬೆಲ್ ಬಂತು. ಸರಿಯೇ. ಆದರೆ ಆ ಎಳೆಯ ದಪ್ಪ 125 ಮೈಕ್ರಾನ್, ಅಂದರೆ ಮಿಲಿಮೀಟರಿನ ಎಂಟನೇ ಒಂದು ಭಾಗ. ಪ್ರಯೋಗಾಲಯದ ಮೇಜಿನ ಮೇಲೆ ಅದು ಚೆನ್ನ. ಮಣ್ಣು, ನೀರು, ಇಲಿ, ಜೆಸಿಬಿ ಮತ್ತು ನನ್ನಂಥ ಸೈಟ್ ಇಂಜಿನಿಯರ್ ಇರುವ ಜಗತ್ತಿಗೆ ಅದನ್ನು ತರುವುದು ಹೇಗೆ? ಅದು ಕೇಬಲ್ ಇಂಜಿನಿಯರುಗಳ ಕೆಲಸ. ಅವರ ಹೆಸರು ಯಾರಿಗೂ ಗೊತ್ತಿರುವುದಿಲ್ಲ.

ಒಂದು ಕೇಬಲನ್ನು ಅಡ್ಡ ಕತ್ತರಿಸಿ ನೋಡಿ. ನಡುವೆ ಒಂದು ಗಟ್ಟಿ ಕಡ್ಡಿ. ಸುತ್ತ ಸಣ್ಣ ಸಣ್ಣ ಪ್ಲಾಸ್ಟಿಕ್ ನಳಿಗೆಗಳು. ನಳಿಗೆಯೊಳಗೆ ಅಂಟಂಟು ಜೆಲ್ಲಿಯಲ್ಲಿ ಗಾಜಿನ ಎಳೆಗಳು ಸಡಿಲವಾಗಿ ತೇಲುತ್ತಿರುತ್ತವೆ. ಎಳೆ ನಳಿಗೆಗಿಂತ ಕೂದಲಷ್ಟು ಉದ್ದ ಹೆಚ್ಚೇ ಇರುತ್ತದೆ. ನಳಿಗೆಗಳನ್ನು ಕಡ್ಡಿಯ ಸುತ್ತ ಹಗ್ಗ ಹೊಸೆದ ಹಾಗೆ ಸುತ್ತಿರುತ್ತಾರೆ. ಹೊರಗೆ ಹಳದಿ ಅರಾಮಿಡ್ ನೂಲು, ಅದರ ಮೇಲೆ ಕಪ್ಪು ಹೊದಿಕೆ. ಈ ಏರ್ಪಾಡಿನ ಮುಖ್ಯ ಉದ್ದೇಶ ಒಂದೇ: ಎಳೆತ ಬಂದರೆ ಅದು ಕಡ್ಡಿಗೂ ನೂಲಿಗೂ ಬರಲಿ, ಗಾಜಿಗೆ ಗೊತ್ತೇ ಆಗಬಾರದು. ಗಾಜಿನ ಮೈಮೇಲೆ ಕಣ್ಣಿಗೆ ಕಾಣದ ಬಿರುಕುಗಳಿರುತ್ತವೆ. ಎಳೆತ ಮತ್ತು ತೇವ ಎರಡೂ ಸೇರಿದರೆ ಆ ಬಿರುಕು ನಿಧಾನವಾಗಿ ಬೆಳೆಯುತ್ತದೆ. ಇವತ್ತು ಕಡಿಯದ ಎಳೆ ವರ್ಷಗಳ ನಂತರ ಕಡಿಯಬಹುದು. ಹಾಗಾಗಿ ಪ್ರತಿ ಕೇಬಲಿಗೂ ಎಳೆತದ ಮಿತಿ ಇರುತ್ತದೆ. ನಮ್ಮದಕ್ಕೆ ಇದ್ದ ಮಿತಿ ಸುಮಾರು 270 ಕೆ.ಜಿ.

ಮತ್ತೆ ಮೂಲೆಗಳ ವಿಷಯ. ಹಳ್ಳಿಯಲ್ಲಿ ಬೆಳೆದವರಿಗೆ ಇದು ಗೊತ್ತು. ಹೋರಿ ಹಗ್ಗ ಜಗ್ಗಿದಾಗ ನಾವು ಕೈಯಲ್ಲಿ ಹಿಡಿದು ನಿಲ್ಲುವುದಿಲ್ಲ. ಹಗ್ಗವನ್ನು ಗೂಟಕ್ಕೆ ಎರಡು ಸುತ್ತು ಹಾಕುತ್ತೇವೆ. ಆಮೇಲೆ ಹತ್ತು ವರ್ಷದ ಹುಡುಗನೂ ಹೋರಿಯನ್ನು ಹಿಡಿದು ನಿಲ್ಲಿಸಬಹುದು. ಪ್ರತಿ ಸುತ್ತಿಗೂ ಹಿಡಿತ ಕೂಡುತ್ತಾ ಹೋಗುವುದಿಲ್ಲ, ಗುಣಿಸುತ್ತಾ ಹೋಗುತ್ತದೆ. ಹದಿನೆಂಟನೇ ಶತಮಾನದಲ್ಲೇ ಆಯ್ಲರ್ ಇದರ ಲೆಕ್ಕ ಮಾಡಿಟ್ಟಿದ್ದಾನೆ. ನಾನೂ ಕಾಲೇಜಿನಲ್ಲಿ ಓದಿ, ಪರೀಕ್ಷೆಯಲ್ಲಿ ಬರೆದು, ಮಾರ್ಕ್ಸ್ ತಗೊಂಡವನೇ.

ಮೊನ್ನೆ ರಾತ್ರಿ ಕಾಗದ ತಗೊಂಡು ಆ ಊರಿನ ಲೆಕ್ಕ ಹಾಕಿದೆ. ಕೇಬಲಿನ ತೂಕ ಮೀಟರಿಗೆ ನೂರು ಗ್ರಾಂ ಅಂತಿಟ್ಟುಕೊಳ್ಳಿ. 600 ಮೀಟರಿಗೆ 60 ಕೆ.ಜಿ. ಘರ್ಷಣೆ ಅದರ ಕಾಲು ಭಾಗ. ಅಂದರೆ ನೇರ ದಾರಿಯಲ್ಲಿ 15 ಕೆ.ಜಿ. ಎಳೆತ ಸಾಕು. ಆಮೇಲೆ ಎಂಟು ಮೂಲೆ. ಎಂಟು ಮೂಲೆ ಅಂದರೆ ಗೂಟಕ್ಕೆ ಸರಿಯಾಗಿ ಎರಡು ಸುತ್ತು. ಅದೇ ಘರ್ಷಣೆಗೆ ಗುಣಕ 23 ಬರುತ್ತದೆ. ಹದಿನೈದು ಇಂಟು ಇಪ್ಪತ್ಮೂರು, 345 ಕೆ.ಜಿ. ನಾನು ಹೋರಿಯನ್ನು ಗೂಟಕ್ಕೆ ಎರಡು ಸುತ್ತು ಹಾಕಿ ಕಟ್ಟಿ, ಟ್ರ್ಯಾಕ್ಟರಿನಲ್ಲಿ ಎಳೆಸಿದ್ದೆ.

ಈಗ ಮೇಸ್ತ್ರಿ ಹೇಳಿದ ಹಾಗೆ ಮಾಡಿದ್ದರೆ? ಡ್ರಮ್ಮು ಎಕ್ಸ್‌ಚೇಂಜ್ ಕಡೆ. ಇಬ್ಬರು ಡ್ರಮ್ಮನ್ನು ಕೈಯಲ್ಲಿ ತಿರುಗಿಸಿ ಕೇಬಲ್ ಬಿಡುತ್ತಿದ್ದರೆ ಅಲ್ಲಿನ ಎಳೆತ ಒಂದು ಕೆ.ಜಿ. ಇರಬಹುದು. ಅದು ಎಂಟು ಮೂಲೆ ದಾಟುವಾಗ 23 ಆಗುತ್ತದೆ. ಆಮೇಲೆ ನೇರ ದಾರಿಯ 15. ಒಟ್ಟು 38 ಕೆ.ಜಿ. ನಾಲ್ಕು ಜನ ಮಾತಾಡಿಕೊಂಡು ಎಳೆಯಬಹುದಾದಷ್ಟು.

345 ಮತ್ತು 38. ಅದೇ ಪೈಪು, ಅದೇ ಕೇಬಲ್, ಅದೇ ಮೂಲೆ. "ಎರಡೂ ಒಂದೇ" ಅಂದಿದ್ದೆ ನಾನು.

ಕಾಗದ ಅಲ್ಲೇ ಬಿಟ್ಟು ಸ್ವಲ್ಪ ಹೊತ್ತು ಬಾಲ್ಕನಿಯಲ್ಲಿ ಓಡಾಡಿದೆ. ಆಮೇಲೆ ಮತ್ತೆ ಓದಲು ಕೂತೆ. ಅಲ್ಲಿ ಸಿಕ್ಕವರು ವಿಲ್ಲೆಮ್ ಗ್ರಿಫಿಯೂನ್.

ಗಾಳಿಯ ಯೋಚನೆ ಮೊದಲು ಬಂದದ್ದು ಇಂಗ್ಲೆಂಡಿನಲ್ಲಿ. 1982ರಲ್ಲಿ ಬ್ರಿಟಿಷ್ ಟೆಲಿಕಾಮ್‌ನ ಮಾರ್ಟ್ಲ್‌ಷಮ್ ಪ್ರಯೋಗಾಲಯದ ರೀವ್ ಮತ್ತು ಕ್ಯಾಸಿಡಿ ಅನ್ನುವ ಇಬ್ಬರು, ಸಣ್ಣ ಖಾಲಿ ನಳಿಗೆಗಳನ್ನು ಮೊದಲೇ ಹೂತಿಟ್ಟು, ಬೇಕಾದಾಗ ಬೇಕಾದಷ್ಟೇ ಫೈಬರನ್ನು ಗಾಳಿಯಲ್ಲಿ ಊದಿ ತುಂಬಬಹುದು ಅಂತ ಯೋಚಿಸಿದರು. ಅದಕ್ಕಾಗಿ ನೊರೆಯಂಥ ಪ್ಲಾಸ್ಟಿಕ್ ಹೊದಿಕೆ ಇರುವ, ಗರಿಯಷ್ಟು ಹಗುರವಾದ ಎಳೆಗಳ ಕಟ್ಟು ಮಾಡಿದರು. ಮಾಮೂಲಿ ದಪ್ಪ ಕೇಬಲಿಗೆ ಇದು ಹೇಗೆ ಒಗ್ಗಬೇಕು? ಆ ಕೆಲಸವನ್ನು ನೆದರ್ಲೆಂಡ್ಸಿನ ಟೆಲಿಫೋನ್ ಇಲಾಖೆಯ ಪ್ರಯೋಗಾಲಯದಲ್ಲಿದ್ದ ಗ್ರಿಫಿಯೂನ್ ಕೈಗೆತ್ತಿಕೊಂಡರು. 1989ರಲ್ಲಿ ಅದರ ಬಗ್ಗೆ ಪ್ರಬಂಧ ಬರೆದರು. 1993ರಲ್ಲಿ ಒಂದು ಪುಸ್ತಕವೇ ಬಂತು. ಅದನ್ನು ಪ್ರಕಟಿಸಿದ್ದು ಊದುವ ಮಿಷನ್ನು ಮಾಡುವ ಸ್ವಿಟ್ಜರ್ಲೆಂಡಿನ ಪ್ಲುಮೆಟಾಜ್ ಕಂಪನಿ.

ಗಾಳಿಯಲ್ಲಿ ಕಳಿಸುವುದು ಅಂದರೆ ಕೇಬಲಿನ ಮೂತಿಗೆ ಒಂದು ಬಿರಡೆ ಕಟ್ಟಿ, ಹಿಂದಿನಿಂದ ಗಾಳಿ ಕೊಟ್ಟು, ಪಿಚಕಾರಿಯ ಹಾಗೆ ತಳ್ಳುವುದು ಅಂತ ನಾನು ತಿಳಿದಿದ್ದೆ. ಹಾಗೂ ಮಾಡಬಹುದು. ಆದರೆ ಆಗ ಬಿರಡೆ ಕೇಬಲನ್ನು ತುದಿಯಿಂದ ಎಳೆಯುತ್ತದೆ. ಟ್ರ್ಯಾಕ್ಟರಿನ ಬದಲು ಬಿರಡೆ, ಅಷ್ಟೇ ವ್ಯತ್ಯಾಸ. ಮೂಲೆಗಳ ಗುಣಾಕಾರ ಹಾಗೆಯೇ ಉಳಿಯುತ್ತದೆ.

ಗ್ರಿಫಿಯೂನ್ ದಾರಿ ಬೇರೆ. ಬಿರಡೆ ಬೇಡ. ಪೈಪಿನ ಆ ತುದಿ ತೆರೆದೇ ಇರಲಿ. ಗಾಳಿ ಕೇಬಲಿನ ಪಕ್ಕದಿಂದ ಕೇಬಲಿಗಿಂತ ಎಷ್ಟೋ ವೇಗವಾಗಿ ಓಡಿಹೋಗಲಿ. ಓಡುವ ಗಾಳಿ ಕೇಬಲಿನ ಮೈಯನ್ನು ಉದ್ದಕ್ಕೂ ಸವರುತ್ತಾ ಹೋಗುತ್ತದೆ, ಹೊಳೆಯಲ್ಲಿ ಬಿಟ್ಟ ಬಳ್ಳಿಯನ್ನು ನೀರು ಒಯ್ಯುವ ಹಾಗೆ. ಒಂದು ಕಿಲೋಮೀಟರ್ ಪೈಪಿಗೆ ಹತ್ತು ಬಾರ್ ಒತ್ತಡ ಕೊಟ್ಟರೆ ನಮ್ಮ ಅಳತೆಯ ಕೇಬಲಿಗೆ ಸರಾಸರಿ ಮೀಟರಿಗೆ ಸುಮಾರು 35 ಗ್ರಾಂ ಬಲ ಬರುತ್ತದೆ. ಬರೀ 35 ಗ್ರಾಂ! ಆದರೆ ಕಾಲು ಭಾಗದ ಘರ್ಷಣೆ ಅಂತಲೇ ಹಿಡಿದರೂ ಒಂದು ಮೀಟರ್ ಕೇಬಲ್ ಸರಿಯಲು ಬೇಕಾದದ್ದು 25 ಗ್ರಾಂ ಮಾತ್ರ. ಪ್ರತಿ ಮೀಟರಿನ ಭಾರವನ್ನು ಆ ಮೀಟರಿನ ಗಾಳಿಯೇ ಹೊರುತ್ತದೆ. ಮುಂದಿನದಕ್ಕೂ ದಾಟಿಸುವುದಿಲ್ಲ, ಹಿಂದಿನದಕ್ಕೂ ಉಳಿಸುವುದಿಲ್ಲ. ಎಳೆತ ಎಲ್ಲೂ ಕೂಡಿಬೀಳುವುದೇ ಇಲ್ಲ. ಮೂಲೆ ಬಂದರೇನಂತೆ? ಸೊನ್ನೆಗೆ ಹತ್ತಿರ ಇರುವುದನ್ನು 23ರಿಂದ ಗುಣಿಸಿದರೂ ದೊಡ್ಡದೇನೂ ಆಗುವುದಿಲ್ಲವಲ್ಲ.

ಇದರಲ್ಲಿ ಒಂದು ತೊಡಕಿತ್ತು. ಗಾಳಿ ಮುಂದೆ ಹೋದ ಹಾಗೆ ಹಿಗ್ಗುತ್ತದೆ, ವೇಗ ಹೆಚ್ಚುತ್ತದೆ. ಹಾಗಾಗಿ ಪೈಪಿನ ಕೊನೆಯಲ್ಲಿ ಬಲ ಜಾಸ್ತಿ, ಶುರುವಿನಲ್ಲಿ ಕಡಿಮೆ. ಲೆಕ್ಕ ಹಾಕಿದರೆ ಶುರುವಿನಲ್ಲಿ ಸರಾಸರಿಯ ಅರ್ಧದಷ್ಟೇ ಬರುತ್ತದೆ. ಅದೂ ಅಲ್ಲದೆ ಒತ್ತಡ ತುಂಬಿದ ಪೈಪಿನೊಳಕ್ಕೆ ಕೇಬಲ್ ತೂರಿಸಲು ಹೋದರೆ ಒಳಗಿನ ಗಾಳಿ ಅದನ್ನು ಹೊರಕ್ಕೆ ದಬ್ಬುತ್ತದೆ. ಪರಿಹಾರ ಸರಳ. ಗಾಳಿಯ ಕೈ ಎಲ್ಲಿ ಸೋಲುತ್ತದೋ ಅಲ್ಲಿ, ಅಂದರೆ ಶುರುವಿನಲ್ಲಿ, ಮಿಷನ್ನಿನ ಚಕ್ರಗಳು ಕೇಬಲನ್ನು ಹಿಂದಿನಿಂದ ಮೆಲ್ಲಗೆ ತಳ್ಳಲಿ. ತಳ್ಳುವುದು ಮತ್ತು ಊದುವುದು, ಎರಡೂ ಸೇರಿದ ಮೇಲೆ ಒಂದೇ ಸಲಕ್ಕೆ ಕಿಲೋಮೀಟರುಗಟ್ಟಲೆ ಕೇಬಲ್ ಹೋಗತೊಡಗಿತು. ನಾನು ಹೆದ್ದಾರಿಯಲ್ಲಿ ದಿನಾ ನೋಡುತ್ತಿದ್ದ ಮಿಷನ್ನಿನ ಒಳಗುಟ್ಟು ಇಷ್ಟೇ.

ಇದರಿಂದ ಕೇಬಲಿನ ವಿನ್ಯಾಸವೂ ಬದಲಾಯಿತು. ಎಳೆಯುವ ಕಾಲದಲ್ಲಿ ಕೇಬಲ್ ಎಷ್ಟು ಎಳೆತ ತಡೆಯುತ್ತದೆ ಅನ್ನುವುದೇ ದೊಡ್ಡ ಪ್ರಶ್ನೆ. ಊದುವ ಕಾಲದಲ್ಲಿ ಹಗುರ ಎಷ್ಟು, ಜಾರುವುದೆಷ್ಟು, ಬಿಗುವೆಷ್ಟು ಅನ್ನುವ ಪ್ರಶ್ನೆಗಳು ಬಂದವು. ತೀರಾ ಮೆತ್ತಗಿದ್ದರೆ ತಳ್ಳಿದಾಗ ಪೈಪಿನೊಳಗೆ ಹಾವಿನ ಹಾಗೆ ಸುರುಳಿ ಸುತ್ತಿಕೊಳ್ಳುತ್ತದೆ. ತೀರಾ ಗಟ್ಟಿಯಿದ್ದರೆ ಮೂಲೆಯಲ್ಲಿ ಬಾಗದೆ ಗೋಡೆಗೆ ಒತ್ತಿ ನಿಲ್ಲುತ್ತದೆ. ಎರಡರ ನಡುವಿನ ಹದ ಬೇಕು. ಎಳೆತ ಇಲ್ಲದ ಮೇಲೆ ಅಷ್ಟೊಂದು ನೂಲು, ಅಷ್ಟು ದಪ್ಪ ಹೊದಿಕೆ ಯಾಕೆ? ಕೇಬಲ್ ಸಪೂರವಾಗುತ್ತಾ ಬಂತು. ಇವತ್ತು ಕಿರುಬೆರಳಿಗಿಂತ ಸಣ್ಣ ಕೇಬಲಿನಲ್ಲಿ 288 ಎಳೆ ಇಡುತ್ತಾರೆ. ನನ್ನ ಕಾಲದಲ್ಲಿ ಒಂದು ಕೇಬಲ್ ಹಾಕುತ್ತಿದ್ದ ಪೈಪಿನೊಳಗೆ ಈಗ ಸಣ್ಣ ಸಣ್ಣ ನಳಿಗೆಗಳ ಕಟ್ಟನ್ನೇ ಹಾಕಿ, ಒಂದೊಂದರಲ್ಲಿ ಒಂದೊಂದು ಕೇಬಲ್ ಊದುತ್ತಾರೆ.

ಓದಿ ಮುಗಿಸುವಾಗ ರಾತ್ರಿ ಎರಡಾಗಿತ್ತು. ನನ್ನನ್ನು ಕಾಡಿದ್ದು ಗಣಿತ ಅಲ್ಲ. ಗ್ರಿಫಿಯೂನ್ ಕಂಡುಕೊಂಡದ್ದರ ತಿರುಳು "ಎಳೆತ ಕೂಡಿಬೀಳಲು ಬಿಡಬೇಡ" ಅನ್ನುವುದು. ಮೇಸ್ತ್ರಿ ಹೇಳಿದ್ದೂ ಅದನ್ನೇ: ಎಳೆತ ಕಡಿಮೆ ಇರುವಾಗಲೇ ಮೂಲೆ ದಾಟಿಸಿಬಿಡಿ ಅಂತ. ಒಬ್ಬರು ಸಮೀಕರಣದಲ್ಲಿ ಬರೆದರು, ಇನ್ನೊಬ್ಬರ ಅಂಗೈಗೆ ಅದು ಗೊತ್ತಿತ್ತು. ನಡುವೆ ಇದ್ದ ನಾನು, ಸೂತ್ರ ಓದಿದ್ದವನು, ಎರಡೂ ಕಡೆಯಿಂದ ಏನೂ ಕಲಿತಿರಲಿಲ್ಲ.

ಮರುದಿನ ಹಳೆಯ ಸಹೋದ್ಯೋಗಿಯೊಬ್ಬನಿಗೆ ಫೋನ್ ಮಾಡಿದೆ. ಅವನು ಇನ್ನೊಬ್ಬನನ್ನು ಕೇಳಿ, ಅವನು ಮತ್ತೊಬ್ಬನನ್ನು ಕೇಳಿ, ಎಂಟು ದಿನದ ಮೇಲೆ ಮೇಸ್ತ್ರಿಯ ಮಗನ ನಂಬರ್ ಸಿಕ್ಕಿತು. ಮೇಸ್ತ್ರಿಗೆ ಈಗ ಎಪ್ಪತ್ತರ ಹತ್ತಿರ. ಕಿವಿ ಸ್ವಲ್ಪ ಮಂದ. ನಾನು ಯಾರು ಅಂತ ಹೇಳಿದೆ, ನೆನಪಾಗಲಿಲ್ಲ. ಊರಿನ ಹೆಸರು ಹೇಳಿದೆ. ಟ್ರ್ಯಾಕ್ಟರ್ ಅಂದೆ.

"ಓ, ಹದಿನಾಕ್ ಸಾವ್ರ" ಅಂದರು.

ನನ್ನ ಮುಖ ನೆನಪಿಲ್ಲ, ಕೇಬಲ್ ನೆನಪಿಲ್ಲ. ದುಡ್ಡಿನ ಲೆಕ್ಕ ನೆನಪಿದೆ. ನಾನು ರಿಪೋರ್ಟಿನ ವಿಷಯ ಹೇಳಿದೆ. ಗಾಳಿಯ ವಿಷಯವನ್ನೂ ಹೇಳಿದೆ, ದೊಡ್ಡ ದನಿಯಲ್ಲಿ, ಎರಡು ಸಲ. ಕೇಳಿಸಿಕೊಂಡು, "ಮೂಲೇಲಿ ಭಾರ ಬೀಳ್ದಂಗೆ ನೋಡ್ಕಬೇಕು ಸಾ, ಅಷ್ಟೆಯಾ. ನಾ ಏಳಿರ್ಬೇಕಲ್ವಾ ಅವತ್ತು?" ಅಂದರು.

"ಹೇಳಿದ್ರಿ ಮೇಸ್ತ್ರಿ. ನಾನು ಕೇಳಲಿಲ್ಲ. ತಪ್ಪು ನಂದು" ಅಂದೆ. ಆ ದುಡ್ಡು ಕೊಡುತ್ತೇನೆ, ಅವತ್ತಿನದಕ್ಕೆ ಇವತ್ತಿನ ಬೆಲೆ ಸೇರಿಸಿ ಕೊಡುತ್ತೇನೆ ಅಂದೆ. ಬೇಡ ಅನ್ನುತ್ತಾರೆ ಅಂದುಕೊಂಡಿದ್ದೆ. ಒಳಗೊಳಗೆ ಬೇಡ ಅನ್ನಲಿ, ನಾನು ಒತ್ತಾಯ ಮಾಡುತ್ತೇನೆ ಅಂತಲೂ ಇತ್ತೇನೋ. ಅವರು ಹಾಗೇನೂ ಅನ್ನಲಿಲ್ಲ.

"ನಂದೊಬ್ಬುಂದೆ ಅಲ್ಲ ಸಾ ಅದು. ನಾನು ಬುಟ್ಟು ಎಂಟು ಆಳು. ಇಬ್ರು ತೀರೋದ್ರು, ಅವ್ರ ಹೆಂಗುಸ್ರು ಅವ್ರೆ. ಬರ್ಕಳಿ" ಅಂದರು.

ಪೆನ್ನು ತಗೊಂಡೆ. ಅವರು ಒಂದೊಂದೇ ಹೆಸರು ಹೇಳಿದರು, ಯಾವ ಊರು, ಯಾರ ಮಗ, ಈಗ ಏನು ಮಾಡುತ್ತಾನೆ ಅಂತ. ಇಪ್ಪತ್ತು ವರ್ಷ ದಾಟಿದ್ದರೂ ಒಂದು ಹೆಸರಿಗೂ ತಡವರಿಸಲಿಲ್ಲ. ಮೂರು ತಿಂಗಳು ಬೆಳಿಗ್ಗೆಯಿಂದ ಸಂಜೆಯವರೆಗೆ ಅವರ ಜೊತೆಗೇ ಇದ್ದ ನನಗೆ ಆ ಎಂಟರಲ್ಲಿ ಒಂದು ಹೆಸರೂ ಗೊತ್ತಿರಲಿಲ್ಲ.

ಮುಂದಿನ ಭಾನುವಾರ ಹೋಗುತ್ತಿದ್ದೇನೆ. ಆ ಊರಿನ ಪೇಟೆ ಬೀದಿಯನ್ನೂ ಒಮ್ಮೆ ನಡೆದು ನೋಡಬೇಕು, ಈ ಸಲ ಎಕ್ಸ್‌ಚೇಂಜ್ ಕಡೆಯಿಂದ.